ವಿಲಿಯಂ ಟಿಂಡೇಲ್

ವಿಲಿಯಂ ಟಿಂಡೇಲ್ (ಸುಮಾರು ೧೪೯೪ – ಅಕ್ಟೋಬರ್ ೧೫೩೬) ಇಂಗ್ಲೆಂಡಿನ ಧರ್ಮಸುಧಾರಕ, ಭಾಷಾಪಂಡಿತ ಹಾಗೂ ಬೈಬಲ್ ಅನುವಾದಕ. ಬೈಬಲಿನ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ನೇರವಾಗಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದವರಲ್ಲಿ ಈತನೇ ಮೊದಲಿಗ. ಹಳೆಯ ಒಡಂಬಡಿಕೆಯ ಸುಮಾರು ಅರ್ಧಭಾಗವನ್ನೂ ಹೀಬ್ರೂ ಮೂಲದಿಂದ ಭಾಷಾಂತರಿಸಿದನು. ಧರ್ಮಗ್ರಂಥದ ಅರ್ಥವನ್ನು ನಿರ್ಣಯಿಸುವ ಅಧಿಕಾರ ಚರ್ಚಿಗೆ ಸೇರಿದ್ದೋ, ಅಥವಾ ಚರ್ಚೇ ಗ್ರಂಥದ ಮಾತಿಗೆ ಅಧೀನವೋ ಎಂಬುದು ೧೬ನೆಯ ಶತಮಾನದ ಯುರೋಪಿನ ಕ್ರೈಸ್ತರನ್ನು ಒಡೆದ ಪ್ರಶ್ನೆ. ಟಿಂಡೇಲನ ಬದುಕಿನಲ್ಲಿ ಈ ಪ್ರಶ್ನೆ ಕೆಲವೇ ಪದಗಳ ಭಾಷಾಂತರದ ರೂಪದಲ್ಲಿ ಎದುರಾಯಿತು. ಆ ಪದಗಳನ್ನು ಬದಲಿಸಲು ಆತ ಒಪ್ಪಲಿಲ್ಲ. ಹನ್ನೆರಡು ವರ್ಷಗಳ ಪರದೇಶವಾಸದ ಕೊನೆಯಲ್ಲಿ ಧರ್ಮದ್ರೋಹಿಯೆಂಬ ತೀರ್ಪಿಗೆ ಗುರಿಯಾಗಿ ಮರಣದಂಡನೆಗೆ ಒಳಗಾದನು.

ಜನನ ಮತ್ತು ವಿದ್ಯಾಭ್ಯಾಸ

ಟಿಂಡೇಲ್ ಹುಟ್ಟಿದ್ದು ಪಶ್ಚಿಮ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ. ಇವನ ಕುಟುಂಬಕ್ಕೆ ಹಿಚಿನ್ಸ್ ಎಂಬ ಇನ್ನೊಂದು ಹೆಸರೂ ಇತ್ತು. ಕುರಿಸಾಕಣೆ ಮತ್ತು ಉಣ್ಣೆಬಟ್ಟೆಯ ವ್ಯಾಪಾರದಿಂದ ಸಮೃದ್ಧವಾಗಿದ್ದ ಆ ಸೀಮೆಗೆ ಸಮುದ್ರದಾಚೆಯ ವರ್ತಕರೊಡನೆ ಸಂಪರ್ಕವಿತ್ತು. ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಹಾಲ್‌ನಲ್ಲಿ ಓದಿ ೧೫೧೨ರಲ್ಲಿ ಬಿ.ಎ. ಪದವಿಯನ್ನೂ ೧೫೧೫ರಲ್ಲಿ ಎಂ.ಎ. ಪದವಿಯನ್ನೂ ಪಡೆದನು. ಪಾದ್ರಿಯಾಗಿ ದೀಕ್ಷೆ ಸ್ವೀಕರಿಸಿದನು. ತರ್ಕ ಮತ್ತು ತತ್ತ್ವಶಾಸ್ತ್ರಗಳಲ್ಲಿ ವರ್ಷಗಟ್ಟಲೆ ಪಳಗಿಸಿದ ನಂತರವೇ ವಿದ್ಯಾರ್ಥಿಗಳಿಗೆ ಧರ್ಮಗ್ರಂಥವನ್ನು ತೆರೆದು ತೋರಿಸುವ ಅಂದಿನ ಶಿಕ್ಷಣಕ್ರಮವನ್ನು ಈತ ಮುಂದೆ ಕಟುವಾಗಿ ಟೀಕಿಸಿದನು. ಗ್ರೀಕ್, ಲ್ಯಾಟಿನ್, ಜರ್ಮನ್, ಫ್ರೆಂಚ್ ಮೊದಲಾದ ಭಾಷೆಗಳನ್ನು ಬಲ್ಲವನಾಗಿದ್ದನು. ಹೀಬ್ರೂವನ್ನು ಇಂಗ್ಲೆಂಡ್ ಬಿಟ್ಟ ಮೇಲೆ ಕಲಿತಂತೆ ತೋರುತ್ತದೆ.

ಅಂದಿನ ಇಂಗ್ಲೆಂಡಿನಲ್ಲಿ ಬೈಬಲ್

ಪಶ್ಚಿಮ ಯುರೋಪಿನ ಚರ್ಚು ಸಾವಿರ ವರ್ಷಕ್ಕೂ ಮಿಕ್ಕು ಬಳಸುತ್ತಿದ್ದುದು ಸಂತ ಜೆರೋಮ್‌ನ ಹೆಸರಿನೊಡನೆ ಸೇರಿಹೋಗಿದ್ದ ಲ್ಯಾಟಿನ್ ಬೈಬಲನ್ನು. ೧೪ನೆಯ ಶತಮಾನದಲ್ಲಿ ಜಾನ್ ವಿಕ್ಲಿಫ್‌ನ ಪ್ರೇರಣೆಯಿಂದ ಈ ಲ್ಯಾಟಿನ್ ಪಾಠವನ್ನು ಇಂಗ್ಲಿಷಿಗೆ ತರಲಾಗಿತ್ತು. ಆದರೆ ಅವನ ಅನುಯಾಯಿಗಳು ಚರ್ಚಿನ ಆಸ್ತಿ ಮತ್ತು ಅಧಿಕಾರವನ್ನು ಪ್ರಶ್ನಿಸಿದ್ದರಿಂದ ಇಂಗ್ಲಿಷ್ ಬೈಬಲ್ ಎಂದೊಡನೆ ಧರ್ಮದ್ರೋಹದ ಸಂಶಯ ಮೂಡುವಂತಾಯಿತು. ೧೫ನೆಯ ಶತಮಾನದ ಆರಂಭದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಆರಂಡೆಲ್, ಬಿಷಪರ ಅನುಮತಿಯಿಲ್ಲದೆ ಧರ್ಮಗ್ರಂಥವನ್ನು ಇಂಗ್ಲಿಷಿಗೆ ಭಾಷಾಂತರಿಸುವುದನ್ನೂ ಅಂಥ ಭಾಷಾಂತರವನ್ನು ಓದುವುದನ್ನೂ ನಿಷೇಧಿಸಿದನು. ೧೪೨೮ರಲ್ಲಿ ವಿಕ್ಲಿಫ್‌ನ ಅಸ್ಥಿಗಳನ್ನು ಗೋರಿಯಿಂದ ತೆಗೆದು ಸುಡಲಾಯಿತು. ಜರ್ಮನ್ ಭಾಷೆಯಲ್ಲಿ ೧೪೬೬ರಲ್ಲಿಯೇ, ಇಟಾಲಿಯನ್ ಭಾಷೆಯಲ್ಲಿ ೧೪೭೧ರಲ್ಲಿಯೇ ಬೈಬಲ್ ಅಚ್ಚಾಗಿದ್ದರೂ ಇಂಗ್ಲಿಷಿನಲ್ಲಿ ಅಚ್ಚಾದ ಬೈಬಲ್ ಇರಲಿಲ್ಲ.

೧೫೧೬ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಬಾಸೆಲ್ ನಗರದಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ತನ್ನದೇ ಲ್ಯಾಟಿನ್ ಅನುವಾದದೊಂದಿಗೆ ಪ್ರಕಟಿಸಿದನು. ಇದರಿಂದ ಚರ್ಚಿನ ಲ್ಯಾಟಿನ್ ಪಾಠವನ್ನು ಮೂಲದೊಡನೆ ಹೋಲಿಸಿ ನೋಡುವ ಮಾರ್ಗ ತೆರೆಯಿತು. ೧೫೨೨ರಲ್ಲಿ ಮಾರ್ಟಿನ್ ಲೂಥರ್ ಇದನ್ನು ಆಧರಿಸಿ ಜರ್ಮನ್ ಹೊಸ ಒಡಂಬಡಿಕೆಯನ್ನು ಹೊರತಂದನು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಅದಕ್ಕೆ ಒಂದು ವರ್ಷ ಮೊದಲು ಲೂಥರನನ್ನು ಖಂಡಿಸಿ ಗ್ರಂಥ ಬರೆದು, ಧರ್ಮರಕ್ಷಕನೆಂಬ ಬಿರುದನ್ನು ಪೋಪರಿಂದ ಪಡೆದಿದ್ದನು. ಟಿಂಡೇಲ್ ತನ್ನ ಕೆಲಸಕ್ಕೆ ಕೈಹಾಕಿದ್ದು ಇಂಥ ಸನ್ನಿವೇಶದಲ್ಲಿ.

ಲಿಟ್ಲ್ ಸಾಡ್ಬರಿ ಮತ್ತು ಲಂಡನ್

ಸುಮಾರು ೧೫೨೧ರಲ್ಲಿ ಟಿಂಡೇಲ್ ತನ್ನ ಹುಟ್ಟೂರಿನ ಸೀಮೆಗೆ ಹಿಂದಿರುಗಿ, ಲಿಟ್ಲ್ ಸಾಡ್ಬರಿಯ ಸರ್ ಜಾನ್ ವಾಲ್ಷ್ ಎಂಬ ಗಣ್ಯನ ಮನೆಯಲ್ಲಿ ನೆಲೆಸಿದನು. ಮನೆಯ ಮಕ್ಕಳಿಗೆ ಪಾಠ ಹೇಳುವುದು ಅವನ ಕೆಲಸವಾಗಿತ್ತೆಂದು ಹೇಳಲಾಗುತ್ತದೆ. ವಾಲ್ಷ್‌ನ ಊಟದ ಮೇಜಿಗೆ ಸುತ್ತಲಿನ ಮಠಾಧಿಪತಿಗಳೂ ಪಾದ್ರಿಗಳೂ ಬರುತ್ತಿದ್ದರು. ಮಾತು ಧರ್ಮದ ಕಡೆಗೆ ಹೊರಳಿದಾಗಲೆಲ್ಲ ಟಿಂಡೇಲ್ ಗ್ರಂಥವನ್ನು ತೆರೆದು ಆಧಾರ ತೋರಿಸುತ್ತಿದ್ದನು. ಇದರಿಂದ ಅಸಮಾಧಾನಗೊಂಡವರು ದೂರು ಕೊಟ್ಟರು. ವೂಸ್ಟರ್ ಧರ್ಮಪ್ರಾಂತದ ಅಧಿಕಾರಿಯ ಮುಂದೆ ವಿಚಾರಣೆ ನಡೆದು, ಬೈಗುಳ ಕೇಳಿದ್ದರ ಹೊರತು ಶಿಕ್ಷೆಯಾಗಲಿಲ್ಲ. ಎರಾಸ್ಮಸ್‌ನ ಕ್ರೈಸ್ತ ಯೋಧನ ಕೈಪಿಡಿಯನ್ನು ಈತ ಇಂಗ್ಲಿಷಿಗೆ ತಿರುಗಿಸಿ ವಾಲ್ಷ್ ದಂಪತಿಗಳಿಗೆ ಓದಲು ಕೊಟ್ಟುದು ಇದೇ ಕಾಲದಲ್ಲಿ.

ದೇವರ ಕಟ್ಟಳೆಗಿಂತ ಪೋಪರ ಕಟ್ಟಳೆಯೇ ಮೇಲೆಂದು ವಾದಿಸಿದ ಒಬ್ಬ ವಿದ್ವಾಂಸನಿಗೆ ಟಿಂಡೇಲ್ ಉತ್ತರ ಕೊಟ್ಟ ಪ್ರಸಂಗವನ್ನು ಚರಿತ್ರಕಾರ ಜಾನ್ ಫಾಕ್ಸ್ ದಾಖಲಿಸಿದ್ದಾನೆ. ತಾನು ಬದುಕಿ ಉಳಿದರೆ, ನೇಗಿಲು ಹೊಡೆಯುವ ಹುಡುಗನೂ ಆ ವಿದ್ವಾಂಸನಿಗಿಂತ ಹೆಚ್ಚಾಗಿ ಧರ್ಮಗ್ರಂಥವನ್ನು ಬಲ್ಲವನಾಗುವಂತೆ ಮಾಡುವೆನೆಂಬುದು ಆ ಉತ್ತರದ ತಾತ್ಪರ್ಯ.

ಕಾನೂನಿನ ಪ್ರಕಾರ ಅನುವಾದಕ್ಕೆ ಬಿಷಪರ ಅನುಮತಿ ಬೇಕಾಗಿತ್ತು. ಅದನ್ನು ಪಡೆಯಲೆಂದೇ ಟಿಂಡೇಲ್ ೧೫೨೩ರಲ್ಲಿ ಲಂಡನ್ನಿಗೆ ಹೋದನು. ಅಲ್ಲಿನ ಬಿಷಪ್ ಕತ್ಬರ್ಟ್ ಟನ್‌ಸ್ಟಾಲ್ ಗ್ರೀಕ್ ಬಲ್ಲವನು, ಎರಾಸ್ಮಸ್‌ನ ಮಿತ್ರ. ಅವನ ಆಶ್ರಯ ದೊರೆಯಬಹುದೆಂಬ ನಿರೀಕ್ಷೆಗೆ ಕಾರಣವಿತ್ತು. ಆದರೆ ತನ್ನ ಮನೆಯಲ್ಲಿ ಸ್ಥಳವಿಲ್ಲವೆಂದು ಹೇಳಿ ಬಿಷಪನು ಟಿಂಡೇಲನನ್ನು ಕಳುಹಿಸಿಬಿಟ್ಟನು. ಬಟ್ಟೆ ವ್ಯಾಪಾರಿ ಹಂಫ್ರಿ ಮನ್ಮತ್ ಕೆಲವು ತಿಂಗಳು ಅನ್ನ ವಸತಿ ಕೊಟ್ಟು ಸಲಹಿದನು; ಈ ನೆರವಿಗಾಗಿ ಅವನು ೧೫೨೮ರಲ್ಲಿ ಸೆರೆಮನೆ ಸೇರಬೇಕಾಯಿತು. ಇಂಗ್ಲೆಂಡಿನಲ್ಲೆಲ್ಲಿಯೂ ಈ ಕೆಲಸಕ್ಕೆ ಎಡೆಯಿಲ್ಲವೆಂದು ಮನಗಂಡ ಟಿಂಡೇಲ್ ೧೫೨೪ರಲ್ಲಿ ಜರ್ಮನಿಗೆ ಹೊರಟನು. ಮತ್ತೆ ತಾಯ್ನಾಡಿಗೆ ಮರಳಲಿಲ್ಲ.

ಹೊಸ ಒಡಂಬಡಿಕೆಯ ಮುದ್ರಣ

೧೫೨೫ರಲ್ಲಿ ಕೊಲೋನ್ ನಗರದ ಪೀಟರ್ ಕ್ವೆಂಟೆಲ್‌ನ ಮುದ್ರಣಾಲಯದಲ್ಲಿ ಕೆಲಸ ಆರಂಭವಾಯಿತು. ಲೂಥರನ ಕಡುವಿರೋಧಿಯಾಗಿದ್ದ ಕೊಕ್ಲೇಯಸ್ ಎಂಬ ವಿದ್ವಾಂಸನಿಗೆ ಇದರ ಸುಳಿವು ಸಿಕ್ಕಿ ಅವನು ನಗರದ ಅಧಿಕಾರಿಗಳಿಗೆ ತಿಳಿಸಿದನು. ಮತ್ತಾಯನ ಸುವಾರ್ತೆಯ ೨೨ನೆಯ ಅಧ್ಯಾಯದ ಹೊತ್ತಿಗೆ ಮುದ್ರಣ ನಿಂತಿತು. ಟಿಂಡೇಲನೂ ಅವನ ಸಹಾಯಕನೂ ಅಚ್ಚಾದ ಹಾಳೆಗಳೊಡನೆ ರೈನ್ ನದಿಯ ಮೇಲೆ ದೋಣಿಯಲ್ಲಿ ವರ್ಮ್ಸ್ ನಗರಕ್ಕೆ ತಪ್ಪಿಸಿಕೊಂಡು ಹೋದರು. ಅಲ್ಲಿ ೧೫೨೬ರಲ್ಲಿ ಪೀಟರ್ ಶೋಫರ್‌ನ ಮುದ್ರಣಾಲಯದಿಂದ ಸಂಪೂರ್ಣ ಹೊಸ ಒಡಂಬಡಿಕೆ ಹೊರಬಂತು. ಅಂಗಿಯೊಳಗೆ ಅಡಗಿಸಬಹುದಾದ ಚಿಕ್ಕ ಆಕಾರದ ಈ ಪುಸ್ತಕದಲ್ಲಿ ಅನುವಾದಕನ ಹೆಸರಿರಲಿಲ್ಲ.

ಪ್ರತಿಗಳು ಬಟ್ಟೆಯ ಮೂಟೆಗಳ ನಡುವೆ ಅಡಗಿ ಇಂಗ್ಲೆಂಡಿನ ಬಂದರುಗಳನ್ನು ಸೇರಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಬಿಷಪ್ ಟನ್‌ಸ್ಟಾಲ್ ಇದರಲ್ಲಿ ಅಸಂಖ್ಯ ತಪ್ಪುಗಳಿವೆಯೆಂದು ಸಾರಿ, ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಬಳಿ ಪ್ರತಿಗಳನ್ನು ಸುಡಿಸಿದನು. ಬಳಿಕ ಆಂಟ್ವರ್ಪ್‌ನಲ್ಲಿಯೇ ಪ್ರತಿಗಳನ್ನು ಕೊಂಡು ನಾಶಮಾಡುವ ಯೋಚನೆಯಿಂದ ಒಬ್ಬ ವರ್ತಕನಿಗೆ ಹಣ ಕೊಟ್ಟನೆಂದೂ, ಆ ಹಣ ಟಿಂಡೇಲನ ಕೈಸೇರಿ ಪರಿಷ್ಕೃತ ಮುದ್ರಣಕ್ಕೆ ಒದಗಿತೆಂದೂ ಎಡ್ವರ್ಡ್ ಹಾಲ್‌ನ ವೃತ್ತಾಂತ ಹೇಳುತ್ತದೆ.

ನಾಲ್ಕು ಪದಗಳ ವಿವಾದ

ಟಿಂಡೇಲನ ಮೇಲೆ ಬಂದ ಆಕ್ಷೇಪಗಳಲ್ಲಿ ಮುಖ್ಯವಾದುದು ನಾಲ್ಕು ಗ್ರೀಕ್ ಪದಗಳನ್ನು ಕುರಿತದ್ದು. ‘ಎಕ್ಲೇಸಿಯ’ ಎಂಬುದಕ್ಕೆ ರೂಢಿಯಲ್ಲಿದ್ದ ‘ಚರ್ಚ್’ ಎಂಬ ಪದವನ್ನು ಬಿಟ್ಟು, ಜನರ ಸಭೆ ಎಂಬರ್ಥದ ‘ಕಾಂಗ್ರಿಗೇಷನ್’ ಎಂಬ ಪದವನ್ನು ಬಳಸಿದನು. ‘ಪ್ರೆಸ್ಬುತೆರೋಸ್’ ಎಂಬುದಕ್ಕೆ ‘ಪ್ರೀಸ್ಟ್’ ಎನ್ನದೆ ಮೊದಲು ‘ಸೀನಿಯರ್’ ಎಂದೂ ತಿದ್ದಿದ ಮುದ್ರಣದಲ್ಲಿ ‘ಎಲ್ಡರ್’ ಎಂದೂ ಬರೆದನು; ಎರಡಕ್ಕೂ ಹಿರಿಯ ಎಂದೇ ಅರ್ಥ. ‘ಮೆತನೋಯೆಯೋ’ ಎಂಬ ಕ್ರಿಯಾಪದಕ್ಕೆ ಪ್ರಾಯಶ್ಚಿತ್ತ ಮಾಡು ಎಂಬ ರೂಢಿಯ ಅರ್ಥದ ಬದಲು ಪಶ್ಚಾತ್ತಾಪಪಡು ಎಂಬರ್ಥವನ್ನು ಕೊಟ್ಟನು. ‘ಅಗಾಪೆ’ ಎಂಬುದಕ್ಕೆ ‘ಚಾರಿಟಿ’ ಎನ್ನದೆ ‘ಲವ್’ ಎಂದನು. ಇಂದು ಬಳಕೆಯಲ್ಲಿರುವ ಕನ್ನಡ ಸತ್ಯವೇದದಲ್ಲಿಯೂ ಇಂಥ ಸ್ಥಳಗಳಲ್ಲಿ ಸಭೆ, ಹಿರಿಯರು, ಪ್ರೀತಿ ಎಂಬ ಪದಗಳೇ ಇರುವುದರಿಂದ ಕನ್ನಡ ಓದುಗರಿಗೆ ಈ ಆಯ್ಕೆಗಳು ಸಹಜವೆನಿಸಬಹುದು.

ಆದರೆ ೧೬ನೆಯ ಶತಮಾನದ ಆರಂಭದಲ್ಲಿ ಈ ಪದಗಳ ಮೇಲೆ ಚರ್ಚಿನ ಇಡೀ ವ್ಯವಸ್ಥೆಯೇ ನಿಂತಿತ್ತು. ಎಕ್ಲೇಸಿಯ ಎಂದರೆ ನಂಬಿದವರ ಸಭೆ ಮಾತ್ರವಾದರೆ ಪೋಪ್ ಮತ್ತು ಬಿಷಪರ ಶ್ರೇಣಿಗೆ ಗ್ರಂಥದಲ್ಲಿ ಆಧಾರವೆಲ್ಲಿ ಎಂಬ ಪ್ರಶ್ನೆ ಏಳುತ್ತಿತ್ತು. ಪ್ರೆಸ್ಬುತೆರೋಸ್ ಬರಿಯ ಹಿರಿಯನಾದರೆ, ಪೂಜಾವೇದಿಕೆಯ ಮುಂದೆ ಬಲಿಯನ್ನು ಅರ್ಪಿಸುವ ಯಾಜಕನ ವಿಶೇಷ ಸ್ಥಾನ ಅಲುಗುತ್ತಿತ್ತು. ಕ್ರಿಸ್ತನು ಕೇಳಿದ್ದು ಮನಸ್ಸಿನ ಪರಿವರ್ತನೆಯನ್ನೇ ಆಗಿದ್ದರೆ, ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ ಅವನು ವಿಧಿಸಿದ ಪ್ರಾಯಶ್ಚಿತ್ತವನ್ನು ನಡೆಸುವ ಕಟ್ಟಳೆ ದುರ್ಬಲವಾಗುತ್ತಿತ್ತು. ದಾನಧರ್ಮದ ಧ್ವನಿಯುಳ್ಳ ‘ಚಾರಿಟಿ’ ಪದ ಹೋದರೆ ಪುಣ್ಯಕಾರ್ಯಗಳಿಂದ ಮುಕ್ತಿಗೆ ನೆರವು ಎಂಬ ಬೋಧೆಯ ಬಲ ಕುಂದುತ್ತಿತ್ತು. ಹೀಗೆ ಟಿಂಡೇಲನ ಆಯ್ಕೆಗಳ ಹಿಂದೆ ಗ್ರೀಕ್ ಭಾಷೆಯ ಜ್ಞಾನವೂ ಇತ್ತು, ಲೂಥರನಿಂದ ಪ್ರಭಾವಿತವಾದ ಧಾರ್ಮಿಕ ನಿಲುವೂ ಇತ್ತು. ಇವುಗಳಲ್ಲಿ ಯಾವುದು ಮುಖ್ಯವೆಂಬುದರಲ್ಲಿಯೇ ಅವನ ವಿರೋಧಿಗಳಿಗೂ ಅವನಿಗೂ ಭೇದ.

ಥಾಮಸ್ ಮೋರ್‌ನೊಡನೆ ವಾದ

೧೫೨೮ರಲ್ಲಿ ಟನ್‌ಸ್ಟಾಲ್, ನಿಷೇಧಿತ ಗ್ರಂಥಗಳನ್ನು ಓದಿ ಖಂಡಿಸಲು ಸರ್ ಥಾಮಸ್ ಮೋರ್‌ನಿಗೆ ಅನುಮತಿ ಕೊಟ್ಟನು. ನ್ಯಾಯವಾದಿಯೂ ಮಾನವತಾವಾದಿ ವಿದ್ವಾಂಸನೂ ಆಗಿದ್ದ ಮೋರ್ ೧೫೨೯ರಲ್ಲಿ ಧರ್ಮದ್ರೋಹಗಳನ್ನು ಕುರಿತ ಸಂವಾದಗ್ರಂಥವನ್ನು ಪ್ರಕಟಿಸಿದನು. ಟಿಂಡೇಲ್ ೧೫೩೧ರಲ್ಲಿ ಅದಕ್ಕೆ ಉತ್ತರ ಬರೆದನು. ಆ ಉತ್ತರಕ್ಕೆ ೧೫೩೨–೩೩ರಲ್ಲಿ ಮೋರ್ ಬರೆದ ಖಂಡನೆ ಹಲವು ಪಟ್ಟು ದೀರ್ಘವಾದುದು. ಇಬ್ಬರ ಬರೆಹದಲ್ಲಿಯೂ ನಿಂದೆಯ ಮಾತುಗಳಿಗೆ ಬರವಿಲ್ಲ.

ಮೋರ್‌ನ ವಾದವನ್ನು ಸಂಗ್ರಹಿಸಿ ಹೇಳುವುದಾದರೆ: ಹೊಸ ಒಡಂಬಡಿಕೆಯ ಪುಸ್ತಕಗಳು ಬರೆಯಲ್ಪಡುವ ಮೊದಲೇ ಚರ್ಚು ಇತ್ತು. ಕ್ರಿಸ್ತನು ಅಪೊಸ್ತಲರಿಗೆ ಬೋಧಿಸಿದ ಎಲ್ಲವೂ ಬರೆಹಕ್ಕೆ ಇಳಿಯಲಿಲ್ಲ. ಬರೆಯದೆ ಉಳಿದುದನ್ನು ಚರ್ಚು ಪರಂಪರೆಯಾಗಿ ಕಾಪಾಡಿಕೊಂಡು ಬಂದಿದೆ. ಯಾವ ಪುಸ್ತಕ ಧರ್ಮಗ್ರಂಥ, ಯಾವುದು ಅಲ್ಲ ಎಂದು ತಿಳಿದುಬರುವುದೂ ಚರ್ಚಿನಿಂದಲೇ. ಹೀಗಿರುವಾಗ ಗ್ರಂಥವನ್ನು ಒಪ್ಪಿ ಚರ್ಚಿನ ವ್ಯಾಖ್ಯಾನವನ್ನು ತಿರಸ್ಕರಿಸುವುದು ಅಸಂಗತ. ಪ್ರತಿಯೊಬ್ಬನೂ ತನ್ನ ತಿಳಿವಳಿಕೆಯಂತೆ ಅರ್ಥ ಹೇಳತೊಡಗಿದರೆ ಒಡಕುಗಳಿಗೆ ಕೊನೆಯಿರುವುದಿಲ್ಲ. ಇಂಗ್ಲಿಷ್ ಅನುವಾದವನ್ನೇ ಮೋರ್ ತತ್ತ್ವತಃ ವಿರೋಧಿಸಲಿಲ್ಲವೆಂಬುದು ಗಮನಾರ್ಹ. ಬಿಷಪರು ಒಪ್ಪಿದ ಅನುವಾದವನ್ನು ಅವರೇ ಯೋಗ್ಯರೆಂದು ಕಂಡವರಿಗೆ ಕೊಡಬಹುದೆಂಬುದು ಅವನ ಸಲಹೆಯಾಗಿತ್ತು.

ಟಿಂಡೇಲನ ದೃಷ್ಟಿಯಲ್ಲಿ ದೇವರ ವಾಕ್ಯವೇ ಮೊದಲು. ಆ ವಾಕ್ಯವನ್ನು ಕೇಳಿ ನಂಬಿದವರಿಂದ ಸಭೆ ಹುಟ್ಟುತ್ತದೆ. ಆದುದರಿಂದ ಸಭೆ ವಾಕ್ಯಕ್ಕೆ ಅಧೀನವೇ ಹೊರತು ಅದರ ಒಡೆಯನಲ್ಲ. ಗ್ರಂಥದ ಸರಳಾರ್ಥವೇ ಪ್ರಮಾಣ. ಅಸ್ಪಷ್ಟವಾದ ಭಾಗವನ್ನು ಸ್ಪಷ್ಟವಾದ ಭಾಗದ ನೆರವಿನಿಂದ ತಿಳಿಯಬೇಕು. ಎಕ್ಲೇಸಿಯ ಎಂಬುದಕ್ಕೆ ಎರಾಸ್ಮಸ್ ಕೂಡ ಲ್ಯಾಟಿನ್ನಿನಲ್ಲಿ ಸಭೆ ಎಂಬರ್ಥದ ಪದವನ್ನೇ ಬಳಸಿದ್ದನೆಂದೂ, ತನ್ನ ಮಿತ್ರನೆಂಬ ಕಾರಣದಿಂದ ಮೋರ್ ಅವನನ್ನು ಬಿಟ್ಟು ತನ್ನನ್ನು ಮಾತ್ರ ದೂರುತ್ತಾನೆಂದೂ ಟಿಂಡೇಲ್ ಎತ್ತಿ ತೋರಿಸಿದನು. ಎರಾಸ್ಮಸ್‌ನಲ್ಲಿ ದುರುದ್ದೇಶವಿರಲಿಲ್ಲ, ಟಿಂಡೇಲನಲ್ಲಿ ಇದೆ ಎಂಬುದು ಮೋರ್ ಕೊಟ್ಟ ಸಮಾಧಾನ.

ಈ ವಾದ ಪುಸ್ತಕಗಳಲ್ಲಿ ಮಾತ್ರ ನಡೆಯಲಿಲ್ಲ. ಮೋರ್ ೧೫೨೯ರಿಂದ ೧೫೩೨ರವರೆಗೆ ರಾಜ್ಯದ ಚಾನ್ಸಲರ್ ಆಗಿದ್ದನು. ಟಿಂಡೇಲನ ಪುಸ್ತಕಗಳನ್ನು ದೇಶದೊಳಗೆ ತರುತ್ತಿದ್ದ ರಿಚರ್ಡ್ ಬೇಫೀಲ್ಡ್ ಎಂಬ ಸಂನ್ಯಾಸಿಯನ್ನು ೧೫೩೧ರಲ್ಲಿ ಸುಡಲಾಯಿತು. ಟಿಂಡೇಲನ ಆಪ್ತ ಸಹಾಯಕನಾಗಿದ್ದ ಜಾನ್ ಫ್ರಿತ್ ೧೫೩೩ರ ಜುಲೈನಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಅದೇ ಶಿಕ್ಷೆಗೆ ಗುರಿಯಾದನು.

ದೊರೆಯೊಡನೆ ಸಂಬಂಧ

೧೫೨೮ರಲ್ಲಿ ಪ್ರಕಟವಾದ ‘ಕ್ರೈಸ್ತನ ವಿಧೇಯತೆ’ ಎಂಬ ಗ್ರಂಥದಲ್ಲಿ ಟಿಂಡೇಲ್, ರಾಜ್ಯದಲ್ಲಿ ಪಾದ್ರಿಗಳೂ ದೊರೆಗೆ ಅಧೀನರಾಗಿರಬೇಕೆಂದು ಪ್ರತಿಪಾದಿಸಿದನು. ಆನ್ ಬೊಲಿನ್‌ಳ ಮೂಲಕ ಈ ಪುಸ್ತಕ ದೊರೆಯ ಕೈಸೇರಿ ಅವನ ಮೆಚ್ಚಿಕೆ ಪಡೆಯಿತೆಂಬ ಐತಿಹ್ಯವಿದೆ. ಆದರೆ ೧೫೩೦ರಲ್ಲಿ ಬರೆದ ಮತ್ತೊಂದು ಗ್ರಂಥದಲ್ಲಿ, ಹೆನ್ರಿ ತನ್ನ ರಾಣಿ ಕ್ಯಾಥರೀನ್‌ಳನ್ನು ತ್ಯಜಿಸುವುದಕ್ಕೆ ಗ್ರಂಥಾಧಾರವಿಲ್ಲವೆಂದು ಟಿಂಡೇಲ್ ವಾದಿಸಿದ್ದರಿಂದ ದೊರೆಯ ಕೋಪಕ್ಕೆ ಪಾತ್ರನಾದನು. ಪೋಪರ ಮುಂದೆ ಹಿಡಿದ ಗ್ರಂಥವನ್ನೇ ಅವನು ದೊರೆಯ ಮುಂದೆಯೂ ಹಿಡಿದಿದ್ದನು.

೧೫೩೧ರಲ್ಲಿ ಥಾಮಸ್ ಕ್ರಾಂವೆಲ್‌ನ ಪ್ರತಿನಿಧಿ ಸ್ಟೀಫನ್ ವಾಘನ್ ಆಂಟ್ವರ್ಪ್ ನಗರದ ಹೊರಗಿನ ಬಯಲಿನಲ್ಲಿ ಟಿಂಡೇಲನನ್ನು ಗುಟ್ಟಾಗಿ ಭೇಟಿಮಾಡಿ, ಇಂಗ್ಲೆಂಡಿಗೆ ಮರಳುವಂತೆ ಕೇಳಿಕೊಂಡನು. ಯಾರದೇ ಅನುವಾದವಾಗಲಿ, ಟಿಪ್ಪಣಿಗಳಿಲ್ಲದ ಬರಿಯ ಪಾಠವಾದರೂ ಆಗಲಿ, ಇಂಗ್ಲಿಷ್ ಬೈಬಲನ್ನು ಪ್ರಜೆಗಳು ಓದಲು ದೊರೆ ಅನುಮತಿ ಕೊಟ್ಟರೆ ತಾನು ಮುಂದೆ ಒಂದಕ್ಷರವನ್ನೂ ಬರೆಯುವುದಿಲ್ಲವೆಂದೂ, ಹಿಂದಿರುಗಿ ಬಂದು ದೊರೆ ವಿಧಿಸುವ ಶಿಕ್ಷೆಗೆ, ಮರಣಕ್ಕೂ ಕೂಡ, ತಲೆಬಾಗುವೆನೆಂದೂ ಟಿಂಡೇಲ್ ತಿಳಿಸಿದನು. ಅನುಮತಿ ಬರಲಿಲ್ಲ.

ಹಳೆಯ ಒಡಂಬಡಿಕೆ ಮತ್ತು ಜಾರ್ಜ್ ಜಾಯ್ ಪ್ರಸಂಗ

ಆಂಟ್ವರ್ಪ್‌ನಲ್ಲಿದ್ದಾಗ ಟಿಂಡೇಲ್ ೧೫೩೦ರಲ್ಲಿ ಮೋಶೆಯ ಐದು ಗ್ರಂಥಗಳನ್ನೂ ೧೫೩೧ರಲ್ಲಿ ಯೋನನ ಗ್ರಂಥವನ್ನೂ ಪ್ರಕಟಿಸಿದನು. ಲ್ಯಾಟಿನ್ನಿಗಿಂತ ಇಂಗ್ಲಿಷಿಗೇ ಹೀಬ್ರೂವಿನ ಮಾತಿನ ಕಟ್ಟು ಚೆನ್ನಾಗಿ ಹೊಂದುತ್ತದೆಂಬುದು ಅವನ ಅಭಿಪ್ರಾಯವಾಗಿತ್ತು. ೧೫೩೪ರಲ್ಲಿ ಹೊಸ ಒಡಂಬಡಿಕೆಯ ಪರಿಷ್ಕೃತ ಮುದ್ರಣ ಬಂತು.

ಅದೇ ವರ್ಷ ಸಹಸುಧಾರಕ ಜಾರ್ಜ್ ಜಾಯ್, ಟಿಂಡೇಲನ ಅನುವಾದವನ್ನು ಅವನನ್ನು ಕೇಳದೆ ತಿದ್ದಿ ಅಚ್ಚುಹಾಕಿಸಿದನು. ಪುನರುತ್ಥಾನ ಎಂಬರ್ಥದ ಪದವಿದ್ದ ಹಲವೆಡೆ ಈ ಬಾಳಿನ ನಂತರದ ಬಾಳು ಎಂಬರ್ಥದ ಮಾತನ್ನು ಸೇರಿಸಿದ್ದನು. ಸತ್ತವರ ಆತ್ಮದ ಸ್ಥಿತಿಯನ್ನು ಕುರಿತು ಇಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಟಿಂಡೇಲ್ ತನ್ನ ಹೊಸ ಮುದ್ರಣಕ್ಕೆ ಎರಡನೆಯ ಮುನ್ನುಡಿಯೊಂದನ್ನು ಸೇರಿಸಿ ಜಾಯ್‌ನನ್ನು ಕಟುವಾಗಿ ಖಂಡಿಸಿದನು. ಯಾರು ಬೇಕಾದರೂ ಅನುವಾದ ಮಾಡಲಿ, ಆದರೆ ತನ್ನ ಹೆಸರನ್ನು ಹಾಕಿಕೊಳ್ಳಲಿ ಎಂಬುದು ಅವನ ನಿಲುವು. ಚರ್ಚಿನ ವ್ಯಾಖ್ಯಾನಾಧಿಕಾರವನ್ನು ತಳ್ಳಿಹಾಕಿದವರ ನಡುವೆಯೇ ಒಂದು ಪದದ ಅರ್ಥವನ್ನು ಯಾರು ನಿರ್ಣಯಿಸಬೇಕೆಂಬ ಪ್ರಶ್ನೆ ಹೀಗೆ ತಲೆಯೆತ್ತಿತು. ಮೋರ್ ಎಚ್ಚರಿಸಿದ್ದ ತೊಡಕು ಇದೇ ಆಗಿತ್ತು.

ಬಂಧನ ಮತ್ತು ಮರಣ

ಆಂಟ್ವರ್ಪ್‌ನಲ್ಲಿ ಇಂಗ್ಲಿಷ್ ವರ್ತಕರ ವಸತಿಗೃಹದಲ್ಲಿ ಥಾಮಸ್ ಪಾಯ್ನ್ಟ್ಸ್ ಎಂಬವನ ಆಶ್ರಯದಲ್ಲಿ ಟಿಂಡೇಲ್ ಇದ್ದನು. ತಂದೆಯ ಹಣವನ್ನು ಜೂಜಿನಲ್ಲಿ ಕಳೆದು ಊರು ಬಿಟ್ಟಿದ್ದ ಹೆನ್ರಿ ಫಿಲಿಪ್ಸ್ ಎಂಬ ಯುವಕ ಅವನ ಸ್ನೇಹ ಸಂಪಾದಿಸಿದನು. ೧೫೩೫ರ ಮೇ ತಿಂಗಳಲ್ಲಿ ಊಟದ ನೆಪದಿಂದ ಟಿಂಡೇಲನನ್ನು ಹೊರಗೆ ಕರೆತಂದು, ಇಕ್ಕಟ್ಟಾದ ಓಣಿಯಲ್ಲಿ ಕಾದಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಅಧಿಕಾರಿಗಳಿಗೆ ಒಪ್ಪಿಸಿದನು. ಫಿಲಿಪ್ಸ್‌ನನ್ನು ಕಳುಹಿಸಿದವರು ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. ಟಿಂಡೇಲನನ್ನು ಬ್ರಸೆಲ್ಸ್ ಸಮೀಪದ ವಿಲ್ವೋರ್ಡೆ ಕೋಟೆಯಲ್ಲಿ ಸೆರೆಯಿಡಲಾಯಿತು. ಕ್ರಾಂವೆಲ್ ಬಿಡುಗಡೆಗಾಗಿ ಪತ್ರ ಬರೆದನು. ಪಾಯ್ನ್ಟ್ಸ್ ಪ್ರಯತ್ನಪಟ್ಟು ತಾನೇ ಬಂಧನಕ್ಕೊಳಗಾಗಿ, ಕೊನೆಗೆ ತಪ್ಪಿಸಿಕೊಂಡನು.

ಅದೇ ವರ್ಷದ ಜುಲೈ ೬ರಂದು ಲಂಡನ್ನಿನಲ್ಲಿ ಥಾಮಸ್ ಮೋರ್‌ನ ಶಿರಚ್ಛೇದವಾಯಿತು. ದೊರೆಯನ್ನು ಚರ್ಚಿನ ಪರಮಾಧಿಕಾರಿಯೆಂದು ಒಪ್ಪಲು ನಿರಾಕರಿಸಿದ್ದು ಅವನ ಅಪರಾಧ. ಧರ್ಮದ ವಿಷಯದಲ್ಲಿ ಅಂತಿಮ ಅಧಿಕಾರ ಯಾರದೆಂಬ ಒಂದೇ ಪ್ರಶ್ನೆಗೆ ವಿರುದ್ಧ ಉತ್ತರಗಳನ್ನು ಕೊಟ್ಟ ಇಬ್ಬರೂ ತಮ್ಮ ಉತ್ತರಗಳಿಗಾಗಿ ಪ್ರಾಣ ತೆತ್ತರು.

ಸೆರೆಯಲ್ಲಿದ್ದಾಗ ಟಿಂಡೇಲ್ ಬರೆದ ಲ್ಯಾಟಿನ್ ಪತ್ರವೊಂದು ಉಳಿದುಬಂದಿದೆ. ಚಳಿಗಾಲ ಸಮೀಪಿಸಿದ್ದರಿಂದ ಬೆಚ್ಚನೆಯ ಟೋಪಿಯನ್ನೂ ಬಟ್ಟೆಗಳನ್ನೂ, ಕತ್ತಲೆಯಲ್ಲಿ ಒಬ್ಬನೇ ಕುಳಿತಿರಲಾರದೆ ಸಂಜೆಗೊಂದು ದೀಪವನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಹೀಬ್ರೂ ಬೈಬಲ್, ವ್ಯಾಕರಣ ಮತ್ತು ನಿಘಂಟುಗಳನ್ನೂ ಅದರಲ್ಲಿ ಬೇಡಿದ್ದಾನೆ. ಲೂವೆನ್ ವಿಶ್ವವಿದ್ಯಾನಿಲಯದ ಯಾಕೋಬಸ್ ಲಾಟೋಮಸ್ ಮೊದಲಾದ ಪಂಡಿತರು ಅವನೊಡನೆ ತಿಂಗಳುಗಟ್ಟಲೆ ವಾದಿಸಿದರು. ವಿಶ್ವಾಸದಿಂದಲೇ ಮುಕ್ತಿ ಎಂಬ ನಿಲುವನ್ನು ಟಿಂಡೇಲ್ ಬಿಡಲಿಲ್ಲ. ೧೫೩೬ರ ಆಗಸ್ಟ್‌ನಲ್ಲಿ ಧರ್ಮದ್ರೋಹಿಯೆಂದು ತೀರ್ಪಾಗಿ, ಅವನ ಪಾದ್ರಿಪದವಿಯನ್ನು ಕಳೆಯಲಾಯಿತು. ಅಕ್ಟೋಬರ್ ಆರಂಭದಲ್ಲಿ ಕಂಬಕ್ಕೆ ಕಟ್ಟಿ ಕತ್ತು ಬಿಗಿದು ಕೊಂದು, ದೇಹವನ್ನು ಸುಡಲಾಯಿತು. ಇಂಗ್ಲೆಂಡಿನ ದೊರೆಯ ಕಣ್ಣು ತೆರೆಸಬೇಕೆಂದು ದೇವರನ್ನು ಬೇಡಿದ್ದೇ ಅವನ ಕೊನೆಯ ಮಾತೆಂದು ಫಾಕ್ಸ್ ಹೇಳುತ್ತಾನೆ.

ಮರಣಾನಂತರ

ಟಿಂಡೇಲ್ ಸತ್ತ ಮರುವರ್ಷವೇ, ಜಾನ್ ರೋಜರ್ಸ್ ಸಂಪಾದಿಸಿದ ‘ಮ್ಯಾಥ್ಯೂ ಬೈಬಲ್’ ದೊರೆಯ ಪರವಾನಗಿಯೊಡನೆ ಹೊರಬಂತು. ಅದರ ಹೊಸ ಒಡಂಬಡಿಕೆಯೂ ಮೋಶೆಯ ಐದು ಗ್ರಂಥಗಳೂ ಟಿಂಡೇಲನವೇ. ಯೆಹೋಶುವನ ಗ್ರಂಥದಿಂದ ಪೂರ್ವಕಾಲವೃತ್ತಾಂತದ ಎರಡನೆಯ ಭಾಗದವರೆಗಿನದೂ ಅವನ ಹಸ್ತಪ್ರತಿಯಿಂದ ಬಂದುದೆಂದು ವಿದ್ವಾಂಸರು ಒಪ್ಪುತ್ತಾರೆ. ೧೫೩೮ರಲ್ಲಿ ಪ್ರತಿಯೊಂದು ಚರ್ಚಿನಲ್ಲಿಯೂ ಇಂಗ್ಲಿಷ್ ಬೈಬಲ್ ಇರಬೇಕೆಂಬ ಆಜ್ಞೆಯಾಯಿತು. ಆ ಉದ್ದೇಶಕ್ಕಾಗಿ ೧೫೩೯ರಲ್ಲಿ ಸಿದ್ಧವಾದ ‘ಗ್ರೇಟ್ ಬೈಬಲ್’ ಬಹುಮಟ್ಟಿಗೆ ಇದರದೇ ಪರಿಷ್ಕರಣೆ. ಅದರ ೧೫೪೧ರ ಒಂದು ಮುದ್ರಣದ ಮುಖಪುಟದಲ್ಲಿ ಪರಿಶೀಲಕನಾಗಿ ಕತ್ಬರ್ಟ್ ಟನ್‌ಸ್ಟಾಲ್‌ನ ಹೆಸರಿದೆ. ಟಿಂಡೇಲನ ಹೆಸರು ಎಲ್ಲಿಯೂ ಇಲ್ಲ.

೧೫೪೩ರಲ್ಲಿ ಸಂಸತ್ತು ಟಿಂಡೇಲನ ಅನುವಾದಗಳನ್ನು ಹೆಸರು ಹಿಡಿದು ನಿಷೇಧಿಸಿತು. ಒಪ್ಪಿಗೆ ಪಡೆದ ಬೈಬಲನ್ನೂ ಕುಶಲಕರ್ಮಿಗಳು, ಸೇವಕರು, ಒಕ್ಕಲಿಗರು, ಕೂಲಿಕಾರರು ಹಾಗೂ ಸಾಮಾನ್ಯವರ್ಗದ ಹೆಂಗಸರು ಓದಬಾರದೆಂದು ವಿಧಿಸಿತು. ನೇಗಿಲು ಹಿಡಿದವನ ಕೈಗೆ ಗ್ರಂಥವನ್ನು ಕೊಡಬೇಕೆಂಬ ಟಿಂಡೇಲನ ಉದ್ದೇಶಕ್ಕೆ ಪೋಪರ ಅಧಿಕಾರ ಹೋದ ಮೇಲೆಯೂ ತಡೆ ಉಳಿದಿತ್ತು. ಹೆನ್ರಿಯ ಮಗ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ೧೫೪೭ರಲ್ಲಿ ಈ ಕಾಯಿದೆ ರದ್ದಾಯಿತು.

೧೬೧೧ರ ಕಿಂಗ್ ಜೇಮ್ಸ್ ಬೈಬಲಿನ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ರೂಢಿಯಲ್ಲಿದ್ದ ಚರ್ಚಿನ ಪದಗಳನ್ನು ಉಳಿಸಬೇಕೆಂದೂ, ‘ಚರ್ಚ್’ ಎಂಬಲ್ಲಿ ‘ಕಾಂಗ್ರಿಗೇಷನ್’ ಎಂದು ಬರೆಯಬಾರದೆಂದೂ ಸೂಚಿಸಲಾಗಿತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ೧೩ನೆಯ ಅಧ್ಯಾಯದಲ್ಲಿ ‘ಚಾರಿಟಿ’ ಪದ ಮರಳಿ ಬಂತು. ೧೮೮೧ರ ಪರಿಷ್ಕೃತ ಅನುವಾದದಲ್ಲಿ ಮತ್ತೆ ‘ಲವ್’ ಆಯಿತು. ‘ಎಲ್ಡರ್’ ಮತ್ತು ‘ರಿಪೆಂಟ್’ ಎಂಬ ಟಿಂಡೇಲನ ಪದಗಳು ೧೬೧೧ರಲ್ಲಿಯೂ ಉಳಿದವು. ಅವನು ಅನುವಾದಿಸಿದ ಭಾಗಗಳ ಮಟ್ಟಿಗೆ, ಕಿಂಗ್ ಜೇಮ್ಸ್ ಬೈಬಲಿನ ಹೊಸ ಒಡಂಬಡಿಕೆಯ ಶೇಕಡ ೮೪ರಷ್ಟು, ಹಳೆಯ ಒಡಂಬಡಿಕೆಯ ಶೇಕಡ ೭೬ರಷ್ಟು ಮಾತುಗಳು ಟಿಂಡೇಲನವೆಂದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ‘ಪಾಸೋವರ್’, ‘ಸ್ಕೇಪ್‌ಗೋಟ್’ ಮೊದಲಾದ ಪದಗಳು ಇಂಗ್ಲಿಷಿಗೆ ಬಂದದ್ದು ಅವನಿಂದ.

ಸ್ಮಾರಕಗಳು

ಗ್ಲಾಸ್ಟರ್‌ಷೈರ್‌ನ ನಾರ್ತ್ ನಿಬ್ಲಿ ಗ್ರಾಮದ ಬಳಿಯ ಗುಡ್ಡದ ಮೇಲೆ ೧೮೬೬ರಲ್ಲಿ ಟಿಂಡೇಲನ ಸ್ಮಾರಕಗೋಪುರವನ್ನು ಕಟ್ಟಲಾಯಿತು. ಲಂಡನ್ನಿನ ಥೇಮ್ಸ್ ದಡದ ವಿಕ್ಟೋರಿಯ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಅವನ ಪ್ರತಿಮೆಯಿದೆ. ವಿಲ್ವೋರ್ಡೆಯಲ್ಲಿ ಸ್ಮಾರಕವೂ ವಸ್ತುಸಂಗ್ರಹಾಲಯವೂ ಇವೆ. ಇಂಗ್ಲೆಂಡಿನ ಚರ್ಚು ಅಕ್ಟೋಬರ್ ೬ರಂದು ಅವನನ್ನು ಸ್ಮರಿಸುತ್ತದೆ. ಕ್ಯಾಥೊಲಿಕ್ ಚರ್ಚು ಥಾಮಸ್ ಮೋರ್‌ನನ್ನು ೧೯೩೫ರಲ್ಲಿ ಸಂತನೆಂದು ಸಾರಿತು. ೧೫೨೬ರ ವರ್ಮ್ಸ್ ಮುದ್ರಣದ ಪ್ರತಿಗಳಲ್ಲಿ ಮೂರು ಮಾತ್ರ ಉಳಿದಿರುವುದು ತಿಳಿದಿದೆ. ಒಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ, ಒಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದೆ. ಮೂರನೆಯದು, ಉಳಿದ ಪ್ರತಿಗಳನ್ನು ಯಾವ ಸ್ಥಳದ ಬಳಿ ಸುಡಲಾಯಿತೋ ಆ ಸೇಂಟ್ ಪಾಲ್ ಪ್ರಧಾನಾಲಯದ ಗ್ರಂಥಭಂಡಾರದಲ್ಲಿದೆ.